ಬಿಡದಿಗೆ ಹೊರಟ ಒಂಬತ್ತು ಮಂದಿ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಸೀಸದ ಕಡ್ಡಿಯ ಗೆರೆಗಳು ಹಲವಿವೆ. ಹುಟ್ಟುಹಬ್ಬದ ದಿನ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಅಡ್ಡಪಟ್ಟಿಯಿಟ್ಟು ಎಳೆದ ಗೆರೆಗಳವು. ಕಳೆದ ಡಿಸೆಂಬರಿನಲ್ಲಿ, ಯಾರ ಹುಟ್ಟುಹಬ್ಬವೂ ಇಲ್ಲದ ಒಂದು ಸಂಜೆ, ಎರಡು ಹೊಸ ಗೆರೆಗಳು ಬಿದ್ದವು. ಮಗಳದು 147 ಸೆಂಟಿಮೀಟರು, ಮಗನದು 118. ಆ ಎರಡು ಅಂಕಿಗಳಿಂದಲೇ ನಮ್ಮ ಬಿಡದಿ ಪ್ರವಾಸದ ಸಿದ್ಧತೆ ಮೊದಲಾಯಿತು.

ಪೊಂಗಲ್ ರಜೆಯಲ್ಲಿ ನಾವು ಬಿಡದಿಯ ವಂಡರ್‌ಲಾ ಉದ್ಯಾನಕ್ಕೆ ಹೋಗಿಬಂದ ಸುದ್ದಿ ಶಾಲೆಯ ಬಾಗಿಲಲ್ಲಿ ಹಬ್ಬಿ, ಹಲವು ತಾಯಂದಿರು ವಿಚಾರಿಸಿದರು. ಯಾವ ದಿನ ಹೋದರೆ ಒಳ್ಳೆಯದು? ಖರ್ಚು ಕೈಮೀರುವುದೇ? ವಯಸ್ಸಾದವರನ್ನು ಕರೆದೊಯ್ಯಬಹುದೇ? ಒಬ್ಬೊಬ್ಬರಿಗೆ ನಿಂತು ಹೇಳುವುದಕ್ಕಿಂತ ಈ ಅಂಕಣದಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಮೊದಲು ನಮ್ಮ ಸೋಲನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಇಂತಹುದೇ ಒಂದು ಉದ್ಯಾನಕ್ಕೆ ನಾವು ಯಾವ ಸಿದ್ಧತೆಯೂ ಇಲ್ಲದೆ ಹೋಗಿದ್ದೆವು. ಭಾನುವಾರ, ಮೇ ತಿಂಗಳು. ಆಗ ಮಗ ಇನ್ನೂ ಅಂಗನವಾಡಿಯ ಮಗು. ದೊಡ್ಡ ಆಟಗಳ ಬಾಗಿಲಲ್ಲೆಲ್ಲ ಎತ್ತರದ ಕೋಲು ನಿಂತಿತ್ತು. ಅವನ ತಲೆ ಅದರ ಗುರುತಿಗೆ ಎಲ್ಲಿಯೂ ಮುಟ್ಟಲಿಲ್ಲ. ಅವನು ಅತ್ತ, ಅಕ್ಕನೂ ಆಡಲಾರದೆ ಅತ್ತಳು. ನಮ್ಮ ಮನೆಯವರು ಹತ್ತಿಯ ಪಂಚೆಯಲ್ಲಿ ಬಂದಿದ್ದರಿಂದ ನೀರಿಗಿಳಿಯುವಂತಿರಲಿಲ್ಲ. ಅಲ್ಲಿಯೇ ನೈಲಾನ್ ಚಡ್ಡಿ ಕೊಳ್ಳಬೇಕಾಯಿತು. ಅತ್ತೆಯವರು ಚೀಲಗಳನ್ನು ಕಾಯುತ್ತ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಹಿಂದಿರುಗುವ ದಾರಿಯಲ್ಲಿ ಯಾರೂ ಯಾರೊಡನೆಯೂ ಮಾತನಾಡಲಿಲ್ಲ. ತಪ್ಪು ಉದ್ಯಾನದ್ದಲ್ಲ, ನಮ್ಮದು. ಮಗ್ಗಕ್ಕೆ ಹಾಸು ಹೂಡದೆ ಲಾಳಿ ಎಸೆದರೆ ಬಟ್ಟೆಯಾದೀತೇ?

ಆದ್ದರಿಂದ ಈ ಬಾರಿ ಮನೆಮಂದಿಯೆಲ್ಲ ಕುಳಿತು ಯೋಜನೆ ಹಾಕಿದೆವು. ಧರ್ಮಪುರಿಯಲ್ಲಿರುವ ನನ್ನ ತಂಗಿಯ ಸಂಸಾರವೂ ಕೂಡಿಕೊಂಡಿತು. ನಾವು ಐವರು, ಅವರು ನಾಲ್ವರು. ಒಟ್ಟು ಒಂಬತ್ತು ಮಂದಿ. ಹಿರಿಯರು ಅತ್ತೆಯವರು, ಅರವತ್ತೆಂಟು ವರ್ಷ. ಕಿರಿಯಳು ತಂಗಿಯ ಮಗಳು, ಒಂದೂವರೆ ವರ್ಷ.

ಎಲ್ಲಿಗೆ ಹೋಗುವುದೆಂಬುದೇ ಮೊದಲ ಪ್ರಶ್ನೆ. ಸೇಲಂ, ಧರ್ಮಪುರಿಯವರಿಗೆ ದಾರಿಗಳು ಮೂರು. ಪಶ್ಚಿಮಕ್ಕೆ ನೀಲಗಿರಿಯ ತಪ್ಪಲಿನ ಮೇಟ್ಟುಪಾಳಯದಲ್ಲಿ ಬ್ಲ್ಯಾಕ್ ಥಂಡರ್ ಇದೆ. ನೀರಾಟವೇ ಅಲ್ಲಿ ಮುಖ್ಯ. ಪೂರ್ವಕ್ಕೆ ಚೆನ್ನೈ, ಅಲ್ಲಿಯೂ ವಂಡರ್‌ಲಾ 2025ರ ಡಿಸೆಂಬರಿನಲ್ಲಿ ಬಾಗಿಲು ತೆರೆದಿದೆ, ಆದರೆ ಸೇಲಂನಿಂದ ಮುನ್ನೂರು ಕಿಲೋಮೀಟರು ಮೀರಿದ ದೂರ. ಉತ್ತರಕ್ಕೆ ಬೆಂಗಳೂರಿನಾಚೆ, ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ 2005ರಿಂದ ನಡೆಯುತ್ತಿರುವ ವಂಡರ್‌ಲಾ. ಸೇಲಂನಿಂದ ಸುಮಾರು 220 ಕಿಲೋಮೀಟರು. ತಂಗಿಯ ಮಗ, ಧರ್ಮಪುರಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗ, ಹೊಸದನ್ನೇ ನೋಡಬೇಕೆಂದು ಚೆನ್ನೈಯನ್ನು ಹಿಡಿದ. ನನ್ನ ಮಗಳು ಬಿಡದಿ ಎಂದಳು. ಏಕೆಂದು ಕೇಳಿದಾಗ ಅವಳಾಡಿದ ಮಾತು ನಮ್ಮೆಲ್ಲರ ಬಾಯಿ ಮುಚ್ಚಿಸಿತು.

“ಅಮ್ಮಾ, ನಮ್ಮ ಶಾಲೆಯ ಅಕ್ಷರ ಶಾಲೆಯ ಹೊರಗೆ ಎಲ್ಲಿಯೂ ಕಾಣಿಸುವುದಿಲ್ಲ. ಅಂಗಡಿಯ ಮೇಲೆ, ಬಸ್ಸಿನ ಮೇಲೆ ಅದು ಹೇಗಿರುತ್ತದೋ ನೋಡಬೇಕು.”

ಅವಳೀಗ ಎಂಟನೆಯ ತರಗತಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಶಾಲೆಯಲ್ಲಿ ಎರಡೂ ಉಂಟು, ಜೊತೆಗೆ ಇಂಗ್ಲಿಷೂ ಉಂಟು. ತಮಿಳನ್ನು ಅವಳು ಪ್ರೀತಿಯಿಂದಲೇ ಓದುತ್ತಾಳೆ; ಅದು ನಮಗೆ ಅನ್ನ ಕೊಡುವ ನೆಲದ ಭಾಷೆ. ಆದರೆ ಮುಂದಿನ ವರ್ಷ ಪ್ರೌಢಶಾಲೆಗೆ ಎಲ್ಲಿಗೆ ಕಳುಹಿಸುವುದೆಂಬ ಚರ್ಚೆ ನಮ್ಮ ಮನೆಯಲ್ಲಿ ತಿಂಗಳುಗಳಿಂದ ನಡೆದಿದೆ. ಕನ್ನಡ ಮಾಧ್ಯಮ ಬೇಕೆಂದರೆ ದೂರದ ಬಸ್ಸು. ಇಂಗ್ಲಿಷ್ ಮಾಧ್ಯಮವಾದರೆ ನಡೆದು ಹೋಗುವ ಹಾದಿ. ನಾವು ದೊಡ್ಡವರು ರಾತ್ರಿ ದೀಪವಾರಿಸಿದ ಮೇಲೆ ಪಿಸುಮಾತಿನಲ್ಲಿ ಆಡುತ್ತಿದ್ದ ಆ ಮಾತು ಅವಳ ಕಿವಿಗೆ ಬಿದ್ದಿತ್ತೆಂದು ನನಗೆ ಅಂದು ತಿಳಿಯಿತು. ಬಿಡದಿಯೇ ಎಂದು ತೀರ್ಮಾನವಾಯಿತು.

ಇನ್ನು ದಿನ. ಇಲ್ಲಿ ಗಡಿಯ ಮಕ್ಕಳಿಗೊಂದು ಅನುಕೂಲವಿದೆ. ಮೇ ತಿಂಗಳಲ್ಲಿ ಎರಡು ರಾಜ್ಯಗಳಿಗೂ ಬೇಸಿಗೆ ರಜೆ. ತ್ರೈಮಾಸಿಕ ಪರೀಕ್ಷೆಯ ರಜೆ ಹಲವು ವರ್ಷ ಕರ್ನಾಟಕದ ದಸರಾ ರಜೆಯ ಆಸುಪಾಸಿಗೇ ಬೀಳುತ್ತದೆ. ಅರ್ಧವಾರ್ಷಿಕ ರಜೆಯ ಹೊತ್ತಿಗೆ ವರ್ಷದ ಕೊನೆಯ ಜನಸಂದಣಿ. ಪೊಂಗಲ್ ಮಾತ್ರ ಬೇರೆ. ಕರ್ನಾಟಕದಲ್ಲಿ ಸಂಕ್ರಾಂತಿ ಒಂದೇ ದಿನದ ರಜೆ. ನಮಗೆ ಮಾಟ್ಟುಪೊಂಗಲ್, ಕಾಣುಂಪೊಂಗಲ್ ಸೇರಿ ಮೂರು ದಿನ. ಈ ವರ್ಷ ಜನವರಿ 15 ಗುರುವಾರ ಹಬ್ಬ. 16ರ ಶುಕ್ರವಾರ ಬಿಡದಿಯಲ್ಲಿ ಸಾಮಾನ್ಯ ಕೆಲಸದ ದಿನ. ಇಂತಹ ಉದ್ಯಾನಗಳಲ್ಲಿ ಕೆಲಸದ ದಿನದ ಟಿಕೆಟು ವಾರಾಂತ್ಯಕ್ಕಿಂತ ಅಗ್ಗ, ಸಾಲುಗಳೂ ಚಿಕ್ಕವು. ಹಬ್ಬಕ್ಕಾಗಿ ಬೆಂಗಳೂರಿನಿಂದ ನಮ್ಮ ಕಡೆಗೆ ಬರುವವರ ಪ್ರವಾಹ ಆ ವೇಳೆಗೆ ಮುಗಿದಿರುತ್ತದೆ. ನಾವು ಎದುರು ದಿಕ್ಕಿನಲ್ಲಿ ಹೋಗುವವರು.

ಖರ್ಚಿನ ಲೆಕ್ಕವನ್ನು ಮಗಳಿಗೂ ತಂಗಿಯ ಮಗನಿಗೂ ಒಪ್ಪಿಸಿದೆವು. ಅವರು ನೋಟುಪುಸ್ತಕದ ಹಾಳೆಯಲ್ಲಿ ಐದು ಸಾಲು ಬರೆದರು: ಗಾಡಿ, ಟಿಕೆಟು, ಊಟ, ತಂಗುವ ಕೋಣೆ, ಕೈಖರ್ಚು. ಟಿಕೆಟಿನ ದರ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಬಿಡದಿಯಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಶಿಶುಗಳಿಗೆ ಟಿಕೆಟಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟು. ಅದಕ್ಕೆ ಮೇಲ್ಪಟ್ಟರೆ ದೊಡ್ಡವರ ಟಿಕೆಟು. ಬಾಗಿಲ ಚೌಕಟ್ಟಿನ ಗೆರೆಗಳು ಬಿದ್ದದ್ದು ಇದಕ್ಕಾಗಿ. ಅಳೆಯುವಾಗ ಪಾದರಕ್ಷೆ ಇರಬಾರದು, ಹೆಣ್ಣುಮಕ್ಕಳ ತುರುಬು ಲೆಕ್ಕಕ್ಕೆ ಬರಬಾರದು. ಅರವತ್ತು ದಾಟಿದವರಿಗೆ ರಿಯಾಯಿತಿಯುಂಟು. ವಯಸ್ಸಿನ ಪುರಾವೆಗೆ ಆಧಾರ್ ಚೀಟಿ ಜೊತೆಯಲ್ಲಿರಲಿ. ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ವಾರದಲ್ಲಿ ಉದ್ಯಾನದವರ ಅಂತರಜಾಲ ಪುಟದಲ್ಲಿಯೇ ನೋಡಿ, ಅಲ್ಲಿಯೇ ಮುಂಗಡ ಕೊಳ್ಳುವುದು ಕ್ಷೇಮ. ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ತಂಗಿಯ ಮಗ ಓದಿದ, ನನ್ನ ಮಗಳು ಕನ್ನಡದಲ್ಲಿ ಬರೆದುಕೊಂಡಳು, ಅಜ್ಜಿಗೆ ಓದಿ ಹೇಳಿದಳು. ಕೆಲಸ ಹಾಗೆ ಹಂಚಿಹೋಯಿತು.

ಎರಡು ಸಂಸಾರ ಕೂಡಿದ್ದರಿಂದ ವ್ಯಾನಿನ ಬಾಡಿಗೆ ಅರ್ಧವಾಯಿತು. ಬಾಡಿಗೆ ಗಾಡಿಗೆ ಕರ್ನಾಟಕದೊಳಗೆ ಹೋಗುವ ಪರವಾನಗಿಯಿದೆಯೇ, ತೆರಿಗೆ ಕಟ್ಟಿದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಅತ್ತಿಬೆಲೆಯಲ್ಲಿ ನಿಂತು ಆ ಜಗಳವಾಡುವುದು ಬೇಡ. ರೈಲಿನಲ್ಲಿ ಹೋಗುವವರು ಸೇಲಂನಿಂದಲೋ ಧರ್ಮಪುರಿಯಿಂದಲೋ ಹೊಸೂರಿನ ಮೇಲೆ ಬೆಂಗಳೂರು ಸೇರಿ, ಅಲ್ಲಿಂದ ಮೈಸೂರು ಕಡೆಯ ಸಾಮಾನ್ಯ ರೈಲು ಹಿಡಿದರೆ ಬಿಡದಿ ನಿಲ್ದಾಣದಲ್ಲಿ ಇಳಿಯಬಹುದು. ಅಗ್ಗದ ದಾರಿ ಅದೇ. ಆದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ.

ದಿನ ಬೆಳಗಾಗುವ ಮುನ್ನ ಹೊರಡುವ ಆತುರ ಬೇಡವೆಂದು ನಮ್ಮ ಮನೆಯವರು ಪಟ್ಟು ಹಿಡಿದರು. ತೊಪ್ಪೂರು ಘಾಟಿಯ ಅಪಘಾತಗಳನ್ನು ನಾವೆಲ್ಲರೂ ಬಲ್ಲೆವು. ಅದರಲ್ಲಿಯೂ ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಭಾಗ ಕಷ್ಟದ್ದು; ಭಾರದ ಲಾರಿಗಳು ಅಲ್ಲಿ ಹಿಡಿತ ತಪ್ಪುತ್ತವೆ. ಆದ್ದರಿಂದ ಹೋಗುವಾಗ ಬೆಳಿಗ್ಗೆ ಆರಕ್ಕೆ ಹೊರಡುವುದು, ಮರುದಿನ ಹಿಂದಿರುಗುವಾಗ ಕತ್ತಲಾಗುವ ಮುನ್ನ ಘಾಟಿ ಇಳಿಯುವುದು ಎಂದು ನಿಯಮ ಮಾಡಿಕೊಂಡೆವು. ದೊಡ್ಡ ಉದ್ಯಾನಗಳು ಬೆಳಿಗ್ಗೆ ಬೇಗ ತೆರೆಯುವುದೂ ಇಲ್ಲ. ಧರ್ಮಪುರಿಯಲ್ಲಿ ತಂಗಿಯವರನ್ನು ಹತ್ತಿಸಿಕೊಂಡು, ಕೃಷ್ಣಗಿರಿ, ಹೊಸೂರು ದಾಟಿ, ಬೆಂಗಳೂರಿನ ಒಳಗೆ ಹೋಗದೆ ನೈಸ್ ರಸ್ತೆಯಲ್ಲಿ ಮೈಸೂರು ರಸ್ತೆ ಸೇರಿದೆವು. ಸುಂಕ ಹೆಚ್ಚಾದರೂ ಒಂದು ಗಂಟೆಯ ದಟ್ಟಣೆ ಉಳಿಯಿತು.

ಅತ್ತಿಬೆಲೆ ದಾಟಿದೊಡನೆ ಮಗಳು ಕಿಟಕಿಗೆ ಅಂಟಿಕೊಂಡಳು. ಔಷಧದ ಅಂಗಡಿ, ಟಯರು ದುರಸ್ತಿ, ಬೇಕರಿ, ಗ್ರಾಮ ಪಂಚಾಯಿತಿ ಎಂದು ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಹೋದಳು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂದು ಕರ್ನಾಟಕದಲ್ಲಿ 2024ರಲ್ಲಿ ಕಾಯಿದೆ ಬಿಗಿಯಾಗಿದೆ. ಎರಡನೆಯ ತರಗತಿಯ ತಮ್ಮನೂ ಕೂಡಿಸಿ ಕೂಡಿಸಿ ಓದತೊಡಗಿದ. ಒತ್ತಕ್ಷರ ಬಂದಾಗಲೆಲ್ಲ ಗಾಡಿ ಮುಂದೆ ಹೋಗಿಬಿಡುತ್ತಿತ್ತು. ಅವನು ಚಾಲಕರಿಗೆ “ಅಣ್ಣಾ, ಮೆಲ್ಲಗೆ” ಎನ್ನುತ್ತಿದ್ದ.

ಉದ್ಯಾನದೊಳಗಿನ ಕ್ರಮವನ್ನೂ ನಾವು ಮೊದಲೇ ಬರೆದುಕೊಂಡಿದ್ದೆವು. ಓದುಗರಿಗೆ ಉಪಯೋಗವಾಗಲೆಂದು ಅದನ್ನು ಹೇಳುತ್ತೇನೆ. ತಲೆಕೆಳಗು ಮಾಡುವ, ವೇಗವಾಗಿ ಸುತ್ತಿಸುವ ಆಟಗಳನ್ನು ಊಟಕ್ಕೆ ಮುಂಚೆ ಮುಗಿಸಬೇಕು. ಊಟವಾದ ಮೇಲೆ ಒಂದು ಗಂಟೆ ನೆರಳಿನ ಆಟಗಳು ಅಥವಾ ಪ್ರದರ್ಶನಗಳು. ನೀರಾಟ ಬಿಸಿಲೇರಿದ ಹೊತ್ತಿಗೆ. ಜನವರಿಯಲ್ಲಿ ಸಂಜೆ ನಾಲ್ಕರ ನಂತರ ನೀರು ಚಳಿ ಹಿಡಿಸುತ್ತದೆ. ನೀರಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪೇ ಬೇಕು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗಿ ಜಾರುಹಲಗೆಯಲ್ಲಿ ತೊಡಕಾಗುತ್ತದೆ, ಅದರ ಎಳೆಗಳು ನೀರು ಸೋಸುವ ಯಂತ್ರಕ್ಕೆ ಸೇರುತ್ತವೆ. ಸೇಲಂನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಈ ಉಡುಪನ್ನು ಊರಿನಿಂದಲೇ ಒಯ್ಯಿರಿ. ಒಡವೆ ಮನೆಯಲ್ಲಿರಲಿ, ತಾಳಿಸರವನ್ನು ಸೆರಗಿನೊಳಗೆ ಪಿನ್ನು ಹಾಕಿ ಭದ್ರಪಡಿಸಿ. ಹೊರಗಿನ ಊಟವನ್ನು ಇಂತಹ ಕಡೆ ಒಳಗೆ ಬಿಡುವುದಿಲ್ಲ. ನಮ್ಮ ಪುಳಿಯೋಗರೆಯನ್ನು ಹೊಸೂರು ದಾಟಿದ ಮೇಲೆ ಮರದ ನೆರಳಿನಲ್ಲಿ ತಿಂದು ಮುಗಿಸಿದ್ದೆವು. ಎಲ್ಲರೂ ಚದುರಿದರೆ ಸೇರುವ ಜಾಗವನ್ನೂ ಸೇರುವ ಗಂಟೆಯನ್ನೂ ಗೊತ್ತುಪಡಿಸಿಕೊಳ್ಳಿ. ಮೊಬೈಲು ಕಪಾಟಿನಲ್ಲಿ ಬೀಗದೊಳಗಿರುತ್ತದೆ.

ಎತ್ತರದ ಕೋಲಿನ ವಿಷಯದಲ್ಲಿ ಮಗನಿಗೆ ಈ ಬಾರಿ ಮನೆಯಲ್ಲಿಯೇ ಪಾಠವಾಗಿತ್ತು. ಆಸನದ ಮೇಲೆ ಬಂದು ಕೂರುವ ಕಬ್ಬಿಣದ ತೋಳು ದೊಡ್ಡವರ ಎದೆಗೂ ತೊಡೆಗೂ ತಕ್ಕಂತೆ ಮಾಡಿದ್ದು; ಚಿಕ್ಕ ದೇಹ ಅದರ ಕೆಳಗಿನಿಂದ ಜಾರಿಬಿಡಬಹುದು. “ಬೇಡ ಅನ್ನುವುದು ನಿನಗಲ್ಲ ಮಗಾ, ನಿನ್ನ ಈ ವರ್ಷದ ಎತ್ತರಕ್ಕೆ” ಎಂದು ಅವರಪ್ಪ ಹೇಳಿದ್ದರು. ಅವನಿಗೆ ಸಲ್ಲುವ ಆಟಗಳ ಪಟ್ಟಿ ಬೇರೆಯೇ ಇತ್ತು. ಅದರಲ್ಲಿ ಒಂದೊಂದನ್ನೂ ಗೀಟು ಹಾಕಿ ಅಳಿಸುತ್ತ ಹೋದ, ಅಳಲಿಲ್ಲ.

ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಂತಾಗ ತಂಗಿಯ ಮಗನ ಮುಖ ಬಿಳಿಚಿತು. ಹುಡುಗ ಹೇಳಲಾರ, ಹಿಂದಕ್ಕೆ ಹೋಗಲಾರ. ಆಗ ನನ್ನ ಮಗಳು ಅವನಿಗೆ ವಿವರಿಸತೊಡಗಿದಳು. ಸಾಮಾನ್ಯ ರೋಲರ್ ಕೋಸ್ಟರಿಗೆ ಎಂಜಿನ್ ಇರುವುದಿಲ್ಲ; ಸರಪಳಿಯೊಂದು ಗಾಡಿಯನ್ನು ಅತಿ ಎತ್ತರದ ಮೊದಲ ದಿಬ್ಬಕ್ಕೆ ಎಳೆದು ಬಿಡುತ್ತದೆ. ಅಲ್ಲಿ ಕೂಡಿಟ್ಟ ಪ್ರಚ್ಛನ್ನ ಶಕ್ತಿಯೇ ಇಳಿಯುವಾಗ ಚಲನ ಶಕ್ತಿಯಾಗುತ್ತದೆ. ಘರ್ಷಣೆಯಲ್ಲಿ ಒಂದಿಷ್ಟು ಕಳೆದುಹೋಗುವುದರಿಂದ ಮುಂದಿನ ಯಾವ ದಿಬ್ಬವೂ ಮೊದಲನೆಯದಕ್ಕಿಂತ ಎತ್ತರವಿರಲಾರದು. “ಹಾಗಾದರೆ ಮೊದಲನೆಯದನ್ನು ತಡೆದುಕೊಂಡರೆ ಸಾಕು, ಆಮೇಲಿನದೆಲ್ಲ ಅದಕ್ಕಿಂತ ಕಡಿಮೆಯೇ” ಎಂದಳು. ಆ ಇಂಗ್ಲಿಷ್ ಪದಗಳನ್ನು ಅವನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದನಂತೆ. “ಇದೇನಾ ಅದು?” ಎಂದು ಕೇಳಿ ಗಾಡಿ ಹತ್ತಿದ. ಇಳಿದು ಬಂದ ಮೇಲೆ ಇನ್ನೊಮ್ಮೆ ಹೋಗೋಣವೆಂದವನೂ ಅವನೇ. ಸಂಜೆ ಅಲೆಯ ಕೊಳದಲ್ಲಿ ಹೆದರಿ ನಿಂತವಳು ನನ್ನ ಮಗಳು. ಕೈಹಿಡಿದು ಇಳಿಸಿದವನು ಅವನು.

ಇನ್ನು ಅತ್ತೆಯವರ ವಿಷಯ. ಅಮೆರಿಕದ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳು ತಿರುಗುಕುದುರೆಯ ಮೇಲೆ ಆಡುವುದನ್ನು ನೋಡುತ್ತ ಬೆಂಚಿನ ಮೇಲೆ ಕುಳಿತಿದ್ದಾಗ, ಮಕ್ಕಳೂ ಹೆತ್ತವರೂ ಕೂಡಿ ನಲಿಯುವ ಸ್ಥಳವೊಂದು ಇರಬೇಕಲ್ಲವೇ ಎಂಬ ಆಲೋಚನೆ ವಾಲ್ಟ್ ಡಿಸ್ನಿಯವರಿಗೆ ಬಂದಿತೆಂದು ಅವರೇ ಹೇಳುತ್ತಿದ್ದರು. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡಿನ ಮೂಲ ಅಲ್ಲಿದೆ. ಬೆಂಚಿನ ಬೇಸರದಿಂದ ಹುಟ್ಟಿದ ಉದ್ಯಾನಕ್ಕೆ ಹೋಗಿ ನಾವು ನಮ್ಮ ಹಿರಿಯರನ್ನು ಮತ್ತೆ ಬೆಂಚಿನ ಮೇಲೆಯೇ ಕೂರಿಸುತ್ತೇವೆ.

ಈ ಬಾರಿ ಎರಡು ಏರ್ಪಾಡು ಮಾಡಿದೆವು. ಮೊದಲನೆಯದು ಸರದಿ. ಎರಡು ಗಂಟೆಗೊಮ್ಮೆ ದೊಡ್ಡವರಲ್ಲಿ ಒಬ್ಬರು ಅತ್ತೆಯವರ ಜೊತೆಗೂ ಹಸುಗೂಸಿನ ಜೊತೆಗೂ ಇರುವುದು. ನಿಧಾನವಾಗಿ ತಿರುಗುವ ತೊಟ್ಟಿಲಿನಂತಹ ಆಟಕ್ಕೆ ಅವರನ್ನೂ ಕರೆದೊಯ್ಯುವುದು. ಜಾತ್ರೆಯ ಮರದ ತೊಟ್ಟಿಲನ್ನು ಕಂಡಿದ್ದ ಅವರು ಹೆದರದೆ ಹತ್ತಿದರು. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ವೇಗದ ಆಟಗಳಿಗೆ ಹೋಗಲೇಬಾರದು. ಇದರಲ್ಲಿ ಧೈರ್ಯದ ಪ್ರಶ್ನೆಯಿಲ್ಲ.

ಎರಡನೆಯದು, ಮರುದಿನವನ್ನು ಅತ್ತೆಯವರಿಗೆ ಮೀಸಲಿಟ್ಟದ್ದು. ರಾತ್ರಿ ಅಲ್ಲಿಯೇ ಸಮೀಪದಲ್ಲಿ ತಂಗಿ, ಬೆಳಿಗ್ಗೆ ಬಿಡದಿಯ ಹೆಸರಾದ ತಟ್ಟೆ ಇಡ್ಲಿ ತಿಂದು, ಮೈಸೂರು ರಸ್ತೆಯಲ್ಲಿಯೇ ಮುಂದೆ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋದೆವು. ಅಧಿಕಾರಿಯಾಗಿದ್ದು ಜಾನಪದಕ್ಕೆ ಬಾಳು ಸವೆಸಿದ ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ತಾಣವಿದು. ಟಿಕೆಟು ಹಗುರ, ನೆರಳು ಧಾರಾಳ. ವಾರದ ರಜೆ ಯಾವ ದಿನವೆಂದು ಮಾತ್ರ ಕೇಳಿಕೊಂಡು ಹೋಗಬೇಕು.

ಹಿಂದಿನ ದಿನವೆಲ್ಲ ಮೊಮ್ಮಕ್ಕಳ ಹಿಂದೆ ನಡೆದ ಅತ್ತೆಯವರು ಅಲ್ಲಿ ಮುಂದೆ ನಡೆದರು. ಬೀಸುವ ಕಲ್ಲು, ಒನಕೆ, ಮಡಕೆ, ಮೊರ, ಕುಕ್ಕೆ ಎಂದು ಒಂದೊಂದಕ್ಕೂ ಹೆಸರು ಹೇಳಿದರು, ಅದನ್ನು ಹಿಡಿಯುವ ಬಗೆ ತೋರಿಸಿದರು, ಬೀಸುವಾಗ ಕೈ ಬದಲಾಯಿಸಬೇಕೆಂದರು. ಕೆಲವು ಹೆಸರುಗಳು ಫಲಕದ ಮೇಲೆ ಬೇರೆಯಾಗಿದ್ದವು. “ನಮ್ಮ ಕಡೆ ಇದಕ್ಕೆ ಹೀಗನ್ನುತ್ತಾರೆ” ಎಂದು ಅವರು ಹೇಳಿದ್ದನ್ನು ಮಗಳು ಬರೆದುಕೊಂಡಳು. ಹದಿನೇಳು ಪದಗಳಾದವು. ತಂಗಿಯ ಮಗನೂ ಅವಳ ಹಾಳೆಯನ್ನು ಇಣುಕಿ, ಕನ್ನಡದಲ್ಲಿ ತನ್ನ ಹೆಸರನ್ನು ಬರೆದುಕೊಡೆಂದು ಕೇಳಿದ. ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅಕ್ಷರ ಬಾರದೆಂಬುದು ನಮಗೆ ಹೊಸದಲ್ಲ. ಅವನು ತಾನಾಗಿ ಕೇಳಿದ್ದು ಹೊಸದು. ತಂಗಿ ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಕತ್ತಲಾಗುವ ಮುನ್ನ ತೊಪ್ಪೂರು ಇಳಿದೆವು. ಕೈಖರ್ಚಿನ ಸಾಲಿನಲ್ಲಿ ಲೆಕ್ಕ ಸ್ವಲ್ಪ ಮೀರಿತ್ತು. ಉಳಿದ ನಾಲ್ಕು ಸಾಲು ಸರಿಯಾಗಿಯೇ ಬಂದವು. ಮನೆಯವರಿಗೆ ಎರಡು ದಿನ ಮಗ್ಗ ನಿಂತದ್ದರ ನಷ್ಟವೂ ಉಂಟು. ಮಕ್ಕಳು ಅದನ್ನೂ ಆರನೆಯ ಸಾಲಾಗಿ ಸೇರಿಸಿದ್ದಾರೆ, ಮುಂದಿನ ಬಾರಿಗೆ ನೆನಪಿರಲೆಂದು.

ಪ್ರೌಢಶಾಲೆಯ ಮಾತು ಇನ್ನೂ ತೀರ್ಮಾನವಾಗಿಲ್ಲ. ದೂರದ ಬಸ್ಸಿನ ಕಷ್ಟ ಕಷ್ಟವೇ. ಬಿಡದಿಗೆ ಹೋಗಿಬಂದ ಮಾತ್ರಕ್ಕೆ ಅದು ಹತ್ತಿರವಾಗುವುದಿಲ್ಲ. ಆದರೆ ದೀಪವಾರಿಸಿದ ಮೇಲೆ ನಾವಿಬ್ಬರೇ ಪಿಸುಗುಟ್ಟುವುದನ್ನು ನಿಲ್ಲಿಸಿದ್ದೇವೆ. ಕಳೆದ ಭಾನುವಾರ ಮಗಳನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಹೊಸ ಹಾಳೆಯೊಂದನ್ನು ತೆಗೆದೆವು. ಬಸ್ಸಿನ ವೇಳೆ, ಹಾಸ್ಟೆಲಿನ ವಿಚಾರಣೆ, ವಿಜ್ಞಾನದ ಅಧ್ಯಾಪಕರಿದ್ದಾರೆಯೇ ಎಂಬ ಪ್ರಶ್ನೆ, ಹೀಗೆ ಸಾಲುಗಳು ಬೀಳುತ್ತಿವೆ. ಬರೆಯುತ್ತಿರುವವಳು ಅವಳೇ.

ಬೇಸಿಗೆ ರಜೆ ಸಮೀಪಿಸುತ್ತಿದೆ. ನಿಮ್ಮ ಮಕ್ಕಳು ಹಾಕಿದ ಪ್ರವಾಸದ ಯೋಜನೆಯನ್ನು, ಅದು ಬಿಡದಿಯಾಗಲಿ, ಯೇರ್ಕಾಡಾಗಲಿ, ಹೊಗೆನಕಲ್ಲಿನ ಹರಿಗೋಲಾಗಲಿ, ಅವರ ಕೈಬರಹದಲ್ಲಿಯೇ ಈ ಅಂಕಣಕ್ಕೆ ಕಳುಹಿಸಿ. ಖರ್ಚಿನ ಸಾಲುಗಳನ್ನು ಬಿಡದಿರಲಿ. ಉಳಿದವರಿಗೆ ಬೇಕಾದದ್ದು ಅದೇ.